ಆರು ಮೊಳ ಸುಣ್ಣ

"ಸುಣ್ಣಾ ಹೊರೂ ಕತ್ತೀನ್ನ ಕೇಳಿ ನಕ್ಷಾ ಬರಸೂಣೇನ್ರಿ?" ಅಂದರು ಶಾಂತವೀರಪ್ಪ ಅಂಗಡಿ. ನಮ್ಮ ಊರಿನ ಗೆರೆ ಸಮಿತಿಯ ಅಧ್ಯಕ್ಷರು ಅವರು. ಹಳೇ ಹತ್ತಿ ಗಿರಣಿಯ ಮುಂದಿನ ಬೇವಿನ ಕಟ್ಟೆಯ ಮೇಲೆ ನಿಂತು, ಇಡೀ ಊರಿನ ಮುಂದೆ, ನನ್ನ ಕಡೆ ಬೆರಳು ಸಹ ಮಾಡದೆ ಗದ್ದದಿಂದ ತೋರಿಸಿ ಅಂದರು. ಜನ ನಕ್ಕರು. ಆ ನಗೆ ನಿಲ್ಲುವ ಮೊದಲೇ, "ಏಳನೇ ಕ್ಲಾಸ್ ದಾಟಿಲ್ಲ, ಇಂವಾ ನಮಗ ಗುಡ್ಡಾ ಹೆಂಗ ಹೆಚ್ಚಬೇಕಂತ ಕಲಸ್ತಾನ" ಅಂತ ಇನ್ನೊಂದು ಸೇರಿಸಿದರು. ಮತ್ತೆ ನಕ್ಕರು. ನನ್ನ ಹೆಗಲ ಮೇಲೆ ಆಗಲೂ ಸುಣ್ಣದ ಚೀಲ ಇತ್ತು. ತಲೆ, ಹುಬ್ಬು, ರೆಪ್ಪೆ ಎಲ್ಲ ಬಿಳಿ. ಕತ್ತೆ ಅಂದರೆ ಕತ್ತೆಯ ಹಾಗೇ ಕಾಣುತ್ತಿದ್ದೆನೋ ಏನೋ. ಯಾರು ಯಾರು ನಕ್ಕರು ಅಂತ ಒಬ್ಬೊಬ್ಬರ ಮುಖವನ್ನೂ ನೋಡಿಕೊಂಡೆ, ಮರೆಯಬಾರದು ಅಂತ. ನನ್ನ ಅಕ್ಕ ದ್ಯಾಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೆಲ ನೋಡುತ್ತಿದ್ದಳು. ಅವಳ ಗಂಡ ಯಮನಪ್ಪ ಬಾಯಿಗೆ ಅಂಗೈ ಅಡ್ಡ ಇಟ್ಟಿದ್ದ. ಅವನು ನಕ್ಕನೋ ಇಲ್ಲವೋ ಹೇಳಲಾರೆ. ಮೂರು ವರ್ಷದಿಂದ ಅವನು ಹಾಗೆ ಅಂಗೈ ಅಡ್ಡ ಇಟ್ಟುಕೊಂಡೇ ಮಂದಿಯ ನಡುವೆ ಕೂಡುತ್ತಾನೆ. ಅವನ ಮುಂದಿನ ಹಲ್ಲು ಮುರಿದವನು ನಾನೇ.

ನಮ್ಮ ಊರು ಒಂದೇ ಗುಡ್ಡದ ಮೈಮೇಲೆ ಇದೆ. ಗುಡ್ಡ ಜಾರುತ್ತದೆ. ಆದರೆ ಗೆರೆ ದಾಟುವುದಿಲ್ಲ. ಬೇಸಿಗೆಯಲ್ಲಿ ನಾವು ಸುಣ್ಣದಲ್ಲಿ ಎಲ್ಲಿ ಗೆರೆ ಎಳೆಯುತ್ತೇವೋ ಮಳೆಗಾಲದಲ್ಲಿ ಅಲ್ಲಿಯೇ ನೆಲ ಬಟ್ಟೆಯ ಹಾಗೆ ಹರಿಯುತ್ತದೆ, ಒಂದು ಬೆರಳು ಆಚೆ ಇಲ್ಲ, ಈಚೆ ಇಲ್ಲ. ಜಾರಿದರೆ ಗೆರೆಯೊಳಗಿನದು ಅಷ್ಟೂ ಜಾರಬೇಕು. ಗೆರೆಯ ಈಚೆ ಗೋಡೆಯ ಮಾಡದಲ್ಲಿ ಇಟ್ಟ ಚಾದ ಕಪ್ಪು ಕೂಡ ಅಲುಗುವುದಿಲ್ಲ. ಮೊದಲ ಮಳೆಗೇ ಸುಣ್ಣ ತೊಳೆದು ಹೋಗುತ್ತದೆ, ನಾವೂ ಮರೆಯುತ್ತೇವೆ. ಗುಡ್ಡ ಮರೆಯುವುದಿಲ್ಲ.

ಅದಕ್ಕೇ ನಮ್ಮಲ್ಲಿ ಗೆರೆ ನೋಡಿ ಮನೆ ಕಟ್ಟುತ್ತಾರೆ, ಗೆರೆ ನೋಡಿ ಹೆಣ್ಣು ಕೊಡುತ್ತಾರೆ. ಬೀಗರು ಬಂದರೆ ಮೊದಲು ಕೇಳುವುದು ಹುಡುಗ ಏನು ಮಾಡುತ್ತಾನೆ ಅಂತಲ್ಲ, ಎಷ್ಟನೇ ಹೋಳು ಅಂತ. ಹೋಳು ಅಂದರೆ ಗುಡ್ಡದ ಹೋಳು. ಕುಂಬಳಕಾಯಿಯನ್ನು ತೊಟ್ಟಿನಿಂದ ಬುಡದವರೆಗೆ ಸೀಳಿದ ಹಾಗೆ ನಮ್ಮ ಹಿರಿಯರು ಗುಡ್ಡವನ್ನು ನೆತ್ತಿಯಿಂದ ಕೆಳಗಿನ ಹಳ್ಳದವರೆಗೆ ಹನ್ನೊಂದು ಹೋಳು ಮಾಡಿದ್ದರು. ಹೆಂಗಸರು ನಲ್ಲಿ ಹತ್ತಿರ ಜಗಳಾಡಿದರೆ "ನಿನ್ನ ಹೋಳು ಜಾರ್ಲಿ" ಅನ್ನುತ್ತಾರೆ. ಒಂದೇ ಹೋಳಿನವಳು ಹಾಗೆ ಬೈಯುವಂತಿಲ್ಲ, ತಾನೂ ಜಾರಬೇಕಾಗುತ್ತದಲ್ಲ. ಅದಕ್ಕೇ ಒಂದು ಹೋಳಿನವರ ಜಗಳ ಬೇಗ ಮುಗಿಯುತ್ತಿತ್ತು.

ನಾನು ಏಳನೇ ಕ್ಲಾಸಿನಲ್ಲಿ ಇದ್ದಾಗ ಸಾಲೆ ಇದ್ದ ಹೋಳು ಜಾರಿತು. ರಜೆಯ ದಿನ, ಯಾರಿಗೂ ಏನೂ ಆಗಲಿಲ್ಲ. ಉಳಿದ ಹುಡುಗರು ಹಳ್ಳದ ಆಚೆಯ ಹೊಸ ಸಾಲೆಗೆ ಹೋದರು. ನಾನು ಹೋಗಲಿಲ್ಲ. ನಮ್ಮ ಅವ್ವ ಅಪ್ಪ ಆಗಲೇ ಇರಲಿಲ್ಲ, ಅಕ್ಕ ಬಡಿದು ನೋಡಿದಳು, ಅತ್ತು ನೋಡಿದಳು. ನಾನು ಹುಸೇನಜ್ಜನ ಹಿಂದೆ ಸುಣ್ಣ ಹೊತ್ತುಕೊಂಡು ತಿರುಗತೊಡಗಿದೆ. ಊರಿನ ಗೆರೆ ಎಳೆಯುವವನು ಅವನೇ. ಅವನ ಸಾಮಾನು ಇಷ್ಟೇ: ತಳಕ್ಕೆ ತೂತು ಹೊಡೆದ ಡಬ್ಬಿ, ಒಂದು ಹಗ್ಗ, ಒಂದು ಕೊಡ ನೀರು. ನೆತ್ತಿಯ ಮೇಲೆ ಹೋಗಿ ನೆಲಕ್ಕೆ ನೀರು ಸುರಿಯುತ್ತಿದ್ದ. ಸುರಿದ ನೀರು ಒಂದಿಷ್ಟು ಎಡಕ್ಕೆ, ಒಂದಿಷ್ಟು ಬಲಕ್ಕೆ ಒಡೆದು ಹೋಗುವ ಜಾಗ ಸಿಕ್ಕುವವರೆಗೆ ಸುರಿಯುತ್ತಲೇ ಇರುತ್ತಿದ್ದ. ಒಡೆದ ಕಡೆ ಗೂಟ. ಅಲ್ಲಿಂದ ಗುಡ್ಡದ ಬೆನ್ನೆಲುಬಿನ ಮೇಲೇ ಇಳಿಯುತ್ತ, ಹತ್ತು ಹೆಜ್ಜೆಗೊಮ್ಮೆ ನೀರು ಸುರಿದು ನೋಡುತ್ತ, ಹಳ್ಳದವರೆಗೆ ಗೆರೆ. "ಒಂದ ಕಡೆ ಬಿದ್ದ ನೀರು ಕುಡೀ ಮಂದಿ ಒಂದ ಹೋಳಾಗ ಇರಬೇಕು ನೋಡಪಾ" ಅನ್ನುತ್ತಿದ್ದ. ಅಷ್ಟೇ ಅವನು ಕಲಿಸಿದ್ದು. ಅವನು ಸತ್ತ ಮೇಲೆ ಡಬ್ಬಿ ನನಗೆ ಬಂತು.

ನಮ್ಮ ಅಕ್ಕನ ಮನೆ, ನನ್ನ ಗುಡಿಸಲು, ಮೇಲೆ ಅಂಗಡಿಯವರ ಓಣಿ ಮತ್ತು ಅವರ ದೊಡ್ಡ ನೀರಿನ ಟಾಕಿ, ಕೆಳಗೆ ನೇಕಾರರ ಓಣಿ, ಎಲ್ಲ ಮೂರನೇ ಹೋಳು. ಈ ಹೋಳು ಐದು ವರ್ಷದಿಂದ ಕೆಂಪು. ಕೆಂಪು ಅಂದರೆ ಮಳೆಗಾಲದ ನಾಲ್ಕು ತಿಂಗಳು ಮನೆಗೆ ಬೀಗ ಹಾಕಿ, ಹಳ್ಳದ ಆಚೆಯ ಹತ್ತಿ ಗಿರಣಿಯಲ್ಲಿ ಇರಬೇಕು. ನೂರಾ ನಲವತ್ತು ಮನೆಯ ಮಂದಿ ಒಂದೇ ತಗಡಿನ ಕೆಳಗೆ. ಅಂಗಡಿಯವರ ಮುದುಕಿಯ ಹಾಸಿಗೆಯ ಪಕ್ಕ ನೇಕಾರರ ಕೂಸಿನ ತೊಟ್ಟಿಲು. ಒಬ್ಬರ ಕೆಮ್ಮು ಎಲ್ಲರಿಗೂ, ಒಬ್ಬರ ಒಗ್ಗರಣೆ ಎಲ್ಲರಿಗೂ. ಐದು ವರ್ಷವೂ ಹೋಳು ಜಾರಲಿಲ್ಲ. ಜನ ಬೇಸತ್ತರು.

ನಾನು ಬೇಸರಿಸಲಿಲ್ಲ. ಖರೆ ಹೇಳುತ್ತೇನೆ. ವರ್ಷದಲ್ಲಿ ಎಂಟು ತಿಂಗಳು ನಾನು ಒಬ್ಬನೇ ಅನ್ನ ಬೇಯಿಸಿ ಒಬ್ಬನೇ ಉಣ್ಣುವವನು. ಆ ನಾಲ್ಕು ತಿಂಗಳು ಎಡಕ್ಕೆ ತಿರುಗಿದರೂ ಮನುಷ್ಯರು, ಬಲಕ್ಕೆ ತಿರುಗಿದರೂ ಮನುಷ್ಯರು. ಮಳೆ ತಗಡಿನ ಮೇಲೆ ಹೊಡೆಯುವಾಗ ಯಾರಾದರೂ "ಫಕೀರಾ, ಆ ಬುಟ್ಟಿ ಇತ್ತ ತಳ್ಳೋ" ಅನ್ನುತ್ತಿದ್ದರು. ಅಷ್ಟು ಸಾಕಿತ್ತು ನನಗೆ. ಯಮನಪ್ಪನ ಹಲ್ಲು ಮುರಿದದ್ದೂ ಅಲ್ಲಿಯೇ. ಎಲ್ಲರೂ ಸಾಲಾಗಿ ಉಣ್ಣುತ್ತಿದ್ದಾಗ ಅವನು ಚೇಷ್ಟೆಗೆ, "ಇಂವಗ ಹೆಣ್ಣ ಕೊಡಾವ್ರು ಯಾರಿಲ್ಲ, ಸುಣ್ಣದ ಡಬ್ಬೀನ ಕಟ್ಟೂಣು" ಅಂದ. ನಾನು ತಟ್ಟೆ ಎತ್ತಿ ಹೊಡೆದೆ. ಅವತ್ತಿನಿಂದ ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ಸಾಕಿದ ಅಕ್ಕ. ಗಿರಣಿಯಲ್ಲಿ ಎರಡು ಹಾಸಿಗೆ ಆಚೆ ಮಲಗುತ್ತಿದ್ದಳು, ಮಾತಿಲ್ಲ. ಆದರೂ ಅವಳು ಹೊರಳಿದರೆ ಬಳೆಯ ಸದ್ದು ಕೇಳಿಸುತ್ತಿತ್ತು.

ಈ ವರ್ಷ ಅಂಗಡಿಯವರ ಓಣಿಯವರು ಕೂಡಿ ಹೊರಗಿನಿಂದ ಒಬ್ಬ ಅಳತೆ ಸಾಹೇಬರನ್ನು ಕರೆಸಿದರು. ಸಣ್ಣ ವಯಸ್ಸು, ಒಳ್ಳೆಯ ಮನುಷ್ಯ, ನನ್ನನ್ನು ಸಹ "ಬನ್ನಿ, ಕೂತ್ಕೊಳ್ಳಿ" ಅಂದವರು. ಅವರು ಕಟ್ಟೆಯ ಮೇಲೆ ದೊಡ್ಡ ಹಾಳೆ ಹರಡಿದರು. ಗುಡ್ಡದ ಮೇಲೆ ಮುನ್ನೂರಾ ಹನ್ನೆರಡು ಚೌಕಗಳು, ಒಂದೊಂದೂ ನಲವತ್ತು ಹೆಜ್ಜೆ. "ನಿಮ್ಮ ಹೋಳುಗಳು ತುಂಬ ದೊಡ್ಡವು. ಒಂದೇ ಹೋಳಿನಲ್ಲಿ ಕಡಿದಾದ ಜಾಗವೂ ಇದೆ, ಸಮತಟ್ಟೂ ಇದೆ. ಒಂದು ಮೂಲೆ ಕೆಟ್ಟಿದೆ ಅಂತ ನೂರಾ ನಲವತ್ತು ಮನೆ ಯಾಕೆ ಖಾಲಿ ಮಾಡಬೇಕು? ಪ್ರತಿ ಚೌಕಕ್ಕೂ ಇಳಿಜಾರು ಎಷ್ಟು, ಮಣ್ಣು ಎಂಥದು, ಬಿರುಕು ಇದೆಯೋ ಇಲ್ಲವೋ ನೋಡಿದ್ದೇನೆ. ಮೂರನೇ ಹೋಳಿನಲ್ಲಿ ಕೆಂಪಾಗುವುದು ಒಂದೇ ಚೌಕ. ನೂರಾ ಹದಿನೆಂಟು. ಅಲ್ಲಿ ಇರುವುದು ಕಳ್ಳಿ ಗಿಡ" ಅಂದರು. ಜನ ಉಸಿರು ಬಿಟ್ಟರು.

ವಾರ್ಡಿನ ಮೆಂಬರ್ ಒಬ್ಬ ಎದ್ದು, "ಚೌಕ ಯಾಕ್ರಿ, ವಾರ್ಡಿನ ಗಡೀನ ಗೆರಿ ಮಾಡ್ರಿ. ಯಾರ್ಯಾರ ಎಲ್ಲೆಲ್ಲಿ ಅದಾರಂತ ಪಟ್ಟಿ ತಯಾರ ಐತಿ" ಅಂದ. "ಕುಂದರೋ, ಗುಡ್ಡಕ್ಕ ಓಟ ಹಾಕೂದ ಐತೇನು" ಅಂತ ಯಾರೋ ಕೂಗಿದರು. ಆಗ ನಾನು ಬಾಯಿ ಹಾಕಿದೆ. "ಸಾಹೇಬ್ರ, ನೂರಾ ಹದಿನೆಂಟ ಜಾರಿದ್ರ ಅದರ ಮಣ್ಣ ಎಲ್ಲಿ ಹೊಕ್ಕೇತ್ರಿ?" ಅಂತ ಕೇಳಿದೆ. ಅವರಿಗೆ ತಿಳಿಯಲಿಲ್ಲ. ನಾನು ಬಿಡಿಸಿ ಹೇಳಿದೆ. ಹೋಳು ಅಂದರೆ ನೆತ್ತಿಯಿಂದ ಹಳ್ಳದವರೆಗೆ, ಜಾರಿದ ಮಣ್ಣು ಹೋಳಿನೊಳಗೇ ಇಳಿದು ಹಳ್ಳಕ್ಕೆ ಬೀಳುತ್ತದೆ. ಮಳೆಗಾಲದಲ್ಲಿ ಕೆಂಪು ಹೋಳಿನಲ್ಲಿ ಯಾರೂ ಇರುವುದಿಲ್ಲ. ಚೌಕ ಗುಡ್ಡದ ನಡುಮಧ್ಯ ಇದೆ. ಮೇಲೆ ಟಾಕಿ ಸೋರುತ್ತದೆ, ಕೆಳಗೆ ನೇಕಾರರು ಇದ್ದಾರೆ. "ಮಣ್ಣು ನೀರ ಹೋದ ದಾರೀಲೆ ಹೊಕ್ಕೇತ್ರಿ. ಮ್ಯಾಲಿಂದು ಕೆಳಗಿಂದು ಒಂದ ಹೋಳಾಗ ಇರಬೇಕ್ರಿ."

ಸಾಹೇಬರು ಸ್ವಲ್ಪ ಯೋಚನೆ ಮಾಡಿದರು. ನಾನು ಅವರ ಮುಖ ನೋಡುತ್ತಲೇ ಇದ್ದೆ, ನಿಜವಾಗಿ ಯೋಚನೆ ಮಾಡಿದರು. ಆಮೇಲೆ, "ಆದರೆ ನಿಮ್ಮ ಗುಡ್ಡ ಗೆರೆ ದಾಟುವುದಿಲ್ಲ ಅಂತ ನೀವೇ ಎಲ್ಲರೂ ಹೇಳಿದಿರಲ್ಲ?" ಅಂದರು. "ದಾಟೂದಿಲ್ರಿ!" ಅಂತ ಇಡೀ ಮಂದಿ ಕೂಗಿತು. ತಾತನ ಕಾಲದಿಂದ ದಾಟಿಲ್ಲ ಅಂತ ಒಬ್ಬ, ನಮ್ಮನ್ಯಾಗಿನ ಕಪ್ಪ ಒಡೆದಿಲ್ಲ ಅಂತ ಒಬ್ಬಳು. ನೆಲ ಗೆರೆಗೆ ಹರಿಯುವುದು ಬೇರೆ, ಹರಿದ ಮಣ್ಣು ಉರುಳುವುದು ಬೇರೆ ಅಂತ ನಾನು ಅರಚಿದೆ. ಆವಾಗಲೇ ಶಾಂತವೀರಪ್ಪ ಅಂಗಡಿ ಎದ್ದು ನಿಂತು ಕತ್ತೆಯ ಮಾತು ಆಡಿದ್ದು. ಕೈ ಎತ್ತಿ ಅಂದರು, ಎತ್ತಿದರು. ಚೌಕ ಪಾಸಾಯಿತು.

ನಾನು ಡಬ್ಬಿ ಎಸೆದು ಹೋಗಬಹುದಿತ್ತು. ಹೋಗಲಿಲ್ಲ. ಎಸೆದು ಎಲ್ಲಿಗೆ ಹೋಗಲಿ? ಗೆರೆ ಎಳೆಯುವ ಹತ್ತೊಂಬತ್ತು ದಿನ ಮಾತ್ರ ಊರಿನವರು ನನ್ನನ್ನು ಬಾಗಿಲಲ್ಲಿ ನಿಂತು ಕರೆಯುತ್ತಾರೆ. ಆದರೆ ಇಷ್ಟು ವರ್ಷ ಗೆರೆ ಓಣಿಗಳ ಹಿಂದೆ, ಗುಡ್ಡದ ಬೆನ್ನ ಮೇಲೆ ಹೋಗುತ್ತಿತ್ತು. ಈ ಸಲ ಹಗ್ಗ ನೇರ ಹಿಡಿದರೆ ಮನೆಯೊಳಗೇ ಹೊಕ್ಕಿತು. ಒಬ್ಬರ ಪಡಸಾಲೆ ಒಂದು ಚೌಕ, ದೇವರ ಮನೆ ಇನ್ನೊಂದು. ಹೊಸದಾಗಿ ಮದುವೆಯಾದವರ ಮಂಚದ ನಡುವೆ ಗೆರೆ ಬಂತು. ಅವರತ್ತೆ ಬಂದು, "ಸೊಸಿ ಕಡೆ ಜಾರಲಿ ಬಿಡು, ನನ್ನ ಮಗನ ಕಡೆ ಗಟ್ಟಿ ಐತಲ್ಲ?" ಅಂತ ಕೇಳಿದಳು, ಸೊಸೆ ಕೇಳುವ ಹಾಗೆಯೇ. ಎರಡು ಮನೆಯವರು ನಡುವಿನ ಗೋಡೆಯ ಮೇಲೇ ಗೆರೆ ಬೇಕು ಅಂತ ನನ್ನ ತೋಳು ಹಿಡಿದು ಎಳೆದರು. "ಅವರ ಚೌಕ ಬ್ಯಾರೆ, ನಮ್ಮ ಚೌಕ ಬ್ಯಾರೆ" ಅಂತ ಮಕ್ಕಳು ಕುಂಟಾಬಿಲ್ಲೆ ಆಡತೊಡಗಿದವು. ಎಲ್ಲರಿಗೂ ತಮ್ಮ ಸುತ್ತ ಒಂದು ಗೆರೆ ಸಿಕ್ಕಿತಲ್ಲ ಅಂತ ಖುಷಿ. ನನ್ನ ಮೈಯೆಲ್ಲ ಉರಿಯುತ್ತಿತ್ತು. ಉರಿಯುತ್ತಲೇ ನೇರ ಎಳೆದೆ. ಯಾರ ಮಾತೂ ಕೇಳಲಿಲ್ಲ, ಒಂದು ಬೆರಳು ಸರಿಸಲಿಲ್ಲ. ಹಾಳೆಯಲ್ಲಿ ಹೇಗಿದೆಯೋ ಹಾಗೆ. ನಾಳೆ ಏನಾದರೂ ಆದರೆ ಹಾಳೆಯನ್ನು ಕೇಳಲಿ ಅಂತ.

ಹದಿನಾಲ್ಕನೇ ದಿನ ನನ್ನ ಗುಡಿಸಲಿನ ಸುತ್ತ ಎಳೆದೆ. ಇನ್ನೂರಾ ಹನ್ನೊಂದು. ನಲವತ್ತು ಹೆಜ್ಜೆ ಉದ್ದ, ನಲವತ್ತು ಹೆಜ್ಜೆ ಅಗಲ, ನಡುವೆ ನಾನೊಬ್ಬ. ಚೌಕ ಹಸಿರು. ನಾಲ್ಕು ಮೂಲೆಗೂ ಸುಣ್ಣ ಕೂಡಿದ ಮೇಲೆ ಒಳಗೆ ನಿಂತು ನೋಡಿದೆ. ಇನ್ನು ಮೇಲೆ ನಾನು ಜಾರಿದರೂ ಒಬ್ಬನೇ, ಉಳಿದರೂ ಒಬ್ಬನೇ.

ಹದಿನಾರನೇ ದಿನ ನೂರಾ ಹದಿನೆಂಟರ ಕೆಳಗಿನ ಗೆರೆಗೆ ಬಂದೆ. ನೇಕಾರರ ಓಣಿಯ ಹಿಂದೆ ಹಾಯುವ ಗೆರೆ. ಓಣಿಯ ಎಲ್ಲ ಮನೆಗಳೂ ಗೆರೆಯ ಕೆಳಗೆ, ಹಸಿರಿನಲ್ಲಿ. ಕಡೆಯದೊಂದು ಮನೆ ಮಾತ್ರ ಉಳಿದವಕ್ಕಿಂತ ಗುಡ್ಡದೊಳಕ್ಕೆ ಚಾಚಿಕೊಂಡಿತ್ತು. ಅದು ಅಕ್ಕನ ಮನೆ. ಹಗ್ಗ ಹಿಡಿದು ನೋಡಿದರೆ ಗೆರೆ ಅವಳ ಅಡುಗೆಮನೆಯ ಹೊಸ್ತಿಲ ಮೇಲೆ ಬಂತು. ಒಲೆ ಕೆಂಪು, ಮಗ್ಗ ಹಸಿರು. ಮನೆಯ ಒಂದು ಮೂಲೆ ಕೆಂಪಾದರೂ ಮನೆ ಪೂರ್ತಿ ಖಾಲಿ ಮಾಡಬೇಕು ಅಂತ ಊರಿನ ಕಟ್ಟಳೆ. ನಾನು ಹಿತ್ತಲಲ್ಲಿ ಗೂಟ ಹೊಡೆಯುವಾಗ ಅಕ್ಕ ಬಾಗಿಲಿಗೆ ಬಂದಳು. ಮೂರು ವರ್ಷದ ಮೇಲೆ ಮೊದಲ ಮಾತು: "ತಮ್ಮಾ, ಬಿಸಲಾಗ ಎಷ್ಟೊತ್ತ ನಿಂದರ್ತಿ. ಒಳಗ ಬಾ, ಉಂಡ ಹೋಗು."

ಒಳಗೆ ಹೋದೆ. ಯಮನಪ್ಪ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ನನ್ನನ್ನು ನೋಡಿ ಬಾಯಿಗೆ ಅಂಗೈ ಇಟ್ಟ, ಆಮೇಲೆ ತಾನೇ ತೆಗೆದ. "ಅವತ್ತ ಕಟ್ಟೀ ಮ್ಯಾಲ ನಾ ನಗಲಿಲ್ಲಲೇ" ಅಂದ. "ನಕ್ಕಿದ್ರ ಇನ್ನೊಂದ ಹಲ್ಲ ಹೋಗ್ತಿತ್ತ, ಅಷ್ಟ ತಿಳೀತೈತಿ ನನಗ." ಹೇಳಿ ತಾನೇ ನಕ್ಕ, ಹಲ್ಲಿನ ಸಂದು ಕಾಣುವ ಹಾಗೆ. ನನಗೂ ನಗು ಬಂತು. ಅಕ್ಕ ಬಿಸಿ ರೊಟ್ಟಿ ಬಡಿಯುತ್ತಿದ್ದಳು. ಮುಳಗಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು. ಎರಡನೇ ರೊಟ್ಟಿ ಮುಗಿಯುವ ಮೊದಲೇ ಮೂರನೆಯದು ತಟ್ಟೆಗೆ ಬಂತು. "ಇನ್ನೊಂದ ತಿನ್ನೋ. ಹೆಂಗ ಒಣಗೀದಿ ನೋಡ" ಅಂದಳು. ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ಕಣ್ಣು ತೋರುತ್ತಿತ್ತು.

ಕೈ ತೊಳೆಯಲು ನೀರು ಹಾಕುವಾಗ ಅಕ್ಕ ಕೇಳಿದಳು. "ಈಗರ ಮಗ್ಗಕ್ಕ ಹೊಸಾ ನೂಲಿನ ಹಾಸ ಏರಿಸ್ಯಾರ ತಮ್ಮಾ. ನಾಕ ತಿಂಗಳ ಗಿರಣ್ಯಾಗ ಹೋಗಿ ಕುಂತ್ರ ಕುಣ್ಯಾಗ ನೀರ ನಿಂದರತೈತಿ, ಮಗ್ಗ ಕೊಳೀತೈತಿ. ಐದ ವರ್ಷ ಹಂಗ ಆತು. ಊರೆಲ್ಲಾ ಮನ್ಯಾಗ ಇರತೈತಿ, ನಾವೊಬ್ರ ಹೋಗೂದೇನು? ಗೆರೀ ಒಂದೀಟ ಮ್ಯಾಲ ತಗೊಳ್ಳಾಕ ಬರೂದಿಲ್ಲೇನು? ಅಡಗೀಮನಿ ಬಿಟ್ಟ ಆ ಕಡೆ? ಆರ ಮೊಳ ಅಷ್ಟ." ಯಮನಪ್ಪ ಮಗ್ಗದಿಂದಲೇ, "ಬ್ಯಾಡ ಬಿಡ, ಅವನ ಕೆಲಸಕ್ಕ ಅಡ್ಡ ಬರಬ್ಯಾಡ" ಅಂದ. ಆದರೆ ಲಾಳಿ ನಿಲ್ಲಿಸಿದ್ದ. ನನ್ನ ಉತ್ತರಕ್ಕೆ ಕಾಯುತ್ತಿದ್ದ.

ಆ ಮನೆಯ ಹಿಂದೆಯೇ ಮೇಲಿನ ನೀರು ಇಳಿಯುವುದು ಅಂತ ನನಗೆ ಗೊತ್ತಿತ್ತು. ಹಿತ್ತಲ ಕಲ್ಲುಗಳು ನೀರಿಗೆ ಸವೆದು ನುಣ್ಣಗಾಗಿದ್ದವು, ಗೂಟ ಹೊಡೆಯುವಾಗ ನೋಡಿದ್ದೆ. ನೂರಾ ಹದಿನೆಂಟು ಬಂದರೆ ಇಲ್ಲಿಗೇ ಬರುತ್ತದೆ. ಅದೇ ಮಾತನ್ನು ಕಟ್ಟೆಯ ಮೇಲೆ ಅರಚಿದ್ದೆ. ಈಗ ಮೆಲ್ಲಗೆ ಹೇಳಬೇಕಾಗಿತ್ತು, ಅಷ್ಟೇ. ಅಕ್ಕಾ, ಗೆರಿ ಇದ್ದಲ್ಲೆ ಇರಲಿ, ಹೋಗಿ ಗಿರಣ್ಯಾಗ ಇರ್ರಿ, ನಾನೂ ಬಂದಿರತೇನಿ. ಹೇಳಿದ್ದರೆ ಅವಳ ಮುಖ ಬಾಡುತ್ತಿತ್ತು. ಮೂರು ವರ್ಷದ ಮೇಲೆ ತೆರೆದ ಬಾಗಿಲು. "ಆತ ಬಿಡಕ್ಕಾ" ಅಂದೆ. ಹೊರಗೆ ಹೋಗಿ ಎರಡು ಗೂಟ ಕಿತ್ತೆ. ನೇರ ಬಂದ ಗೆರೆಯನ್ನು ಮನೆಯ ಎಡಮೂಲೆಯಲ್ಲಿ ಮೇಲೆ ಹತ್ತಿಸಿ, ಅಡುಗೆಮನೆಯ ಹಿಂದೆ ಹಾಯಿಸಿ, ಬಲಮೂಲೆಯಲ್ಲಿ ಇಳಿಸಿದೆ. ಆರು ಮೊಳ. ಇಡೀ ಗುಡ್ಡದ ಮೇಲೆ ಅದೊಂದೇ ಸೊಟ್ಟ. ಮರುದಿನ ಸಮಿತಿಯವರು ಕೆಂಪು ಬಾವುಟ ಹಿಡಿದುಕೊಂಡು ಬಂದರು, ಗೆರೆ ನೋಡಿದರು, "ಇದು ಹಸಿರು" ಅಂದರು, ಹೋದರು. ಆ ವಾರ ಎರಡು ಸಲ ಅಕ್ಕ ಡಬ್ಬಿಯಲ್ಲಿ ಊಟ ಕಳಿಸಿದಳು.

ಮಳೆ ಹಿಡಿಯಿತು. ಮೂರನೇ ಹೋಳಿನ, ಅಲ್ಲ, ಹೋಳು ಅನ್ನುವುದು ಇನ್ನು ಇರಲಿಲ್ಲ, ಆ ಕಡೆಯ ಯಾರೂ ಗಿರಣಿಗೆ ಹೋಗಲಿಲ್ಲ. ಗಿರಣಿಯ ಬೀಗ ತೆಗೆಯಲೇ ಇಲ್ಲ. ನಾನು ಒಂದು ದಿನ ಸುಮ್ಮನೆ ಹೋಗಿ ಕಿಟಕಿಯಲ್ಲಿ ಇಣುಕಿದೆ. ಹೋದ ವರ್ಷ ತೊಟ್ಟಿಲು ಕಟ್ಟಿದ ಹಗ್ಗ ಜಂತಿಯಲ್ಲಿ ಹಾಗೇ ಇತ್ತು. ಮನೆಗೆ ಬಂದು ನನ್ನ ಚೌಕದಲ್ಲಿ ಕೂತೆ. ಮಳೆ ಬಂದರೆ ಜನ ತಮ್ಮ ತಮ್ಮ ಬಾಗಿಲು ಹಾಕಿಕೊಳ್ಳುತ್ತಿದ್ದರು. ಪಕ್ಕದ ಚೌಕದಲ್ಲಿ ಕೂಸು ಅತ್ತರೆ ಯಾರೂ ಕೇಳುತ್ತಿರಲಿಲ್ಲ, ಅದು ಅವರ ಚೌಕ.

ಎರಡನೇ ತಿಂಗಳಲ್ಲಿ ಒಂದು ದಿನ ಮಳೆ ನಿಂತು ಬಿಸಿಲು ಬಿದ್ದಿತ್ತು. ಹೊತ್ತು ಹನ್ನೊಂದಾಗಿರಬೇಕು. ಅಕ್ಕಿಯ ಚೀಲ ನೆಲಕ್ಕೆ ಎಸೆದಂಥ ಸದ್ದು. ಹೊರಗೆ ಬಂದು ನೋಡಿದರೆ ನೂರಾ ಹದಿನೆಂಟು ಇರಲಿಲ್ಲ. ತಟ್ಟೆಯಿಂದ ಒಂದು ಬರ್ಫಿ ಎತ್ತಿಕೊಂಡ ಹಾಗೆ ನಾಲ್ಕೂ ಅಂಚು ನೇರ, ನಡುವೆ ಕೆಂಪು ಮಣ್ಣು. ಮೇಲೆ ಅಂಗಡಿಯವರ ಓಣಿಯವರು ಓಡಿ ಬಂದು ಅಂಚಿನಲ್ಲಿ ನಿಂತರು. "ನೋಡ್ರಿ, ನೋಡ್ರಿ, ಗೆರಿ ದಾಟಿಲ್ಲ!" ಅಂತ ಕೂಗಿದರು. ಯಾರೋ ಚಪ್ಪಾಳೆ ತಟ್ಟಿದರು. ಅವರು ಚಪ್ಪಾಳೆ ತಟ್ಟುವಾಗ ಮಣ್ಣು ಇನ್ನೂ ಇಳಿಯುತ್ತಿತ್ತು. ನಾನು ಓಡಿದೆ.

ಓಣಿಯ ಉಳಿದ ಮನೆಗಳಿಗೆ ಮೊಣಕಾಲುದ್ದ ಕೆಸರು. ಅಕ್ಕನ ಮನೆ ನಿಂತೇ ಇತ್ತು. ಗೋಡೆಯಲ್ಲಿ ಒಂದು ಬಿರುಕಿಲ್ಲ. ಮಾಡದಲ್ಲಿ ಚಾದ ಕಪ್ಪುಗಳು ಸಾಲಾಗಿ, ಒಂದೂ ಅಲುಗಿರಲಿಲ್ಲ. ಮಣ್ಣು ಅಡುಗೆಮನೆಯ ಹಿಂಬಾಗಿಲಿನಿಂದ ಬಂದಿತ್ತು, ನೀರು ಬರುವ ಹಾಗೆ, ತಗ್ಗು ಹುಡುಕಿಕೊಂಡು. ಆ ಮನೆಯಲ್ಲಿ ಎಲ್ಲಕ್ಕಿಂತ ತಗ್ಗು ಅಂದರೆ ಮಗ್ಗದ ಕುಣಿ. ಯಮನಪ್ಪ ಕೂತಲ್ಲೇ ಇದ್ದ. ನಾವು ಏಳೆಂಟು ಮಂದಿ ಕೈಯಿಂದಲೇ ತೋಡಿದೆವು. ತೆಗೆದಾಗ ಅವನ ಬಾಯಿ ತೆರೆದಿತ್ತು. ನಾನು ಅಂಗೈ ಇಟ್ಟು ಮುಚ್ಚಿದೆ. ಅಕ್ಕ ಹಿಟ್ಟಿನ ಗಿರಣಿಗೆ ಹೋದವಳು ತಲೆಯ ಮೇಲೆ ಜೋಳದ ಹಿಟ್ಟಿನ ಡಬ್ಬಿ ಇಟ್ಟುಕೊಂಡು ಆಗ ಓಣಿಯೊಳಗೆ ಬಂದಳು.

ಹರಿದ ಅಂಚು ಈಗಲೂ ಕಾಣುತ್ತದೆ, ಹಳ್ಳದಿಂದ ನೋಡಿದರೂ ಕಾಣುತ್ತದೆ. ನೇರ ಬಂದು, ಅಕ್ಕನ ಮನೆಯ ಹಿಂದೆ ಮಾತ್ರ ಆರು ಮೊಳ ಮೇಲಕ್ಕೆ ಹತ್ತಿ ಇಳಿಯುತ್ತದೆ. ಗುಡ್ಡ ನನ್ನ ಮಾತು ಕೂಡ ಮೀರಲಿಲ್ಲ. "ಅಲ್ಲೆ ಯಾಕೋ ಬಾಗೇತಿ" ಅಂತ ಜನ ಅಂದರು, ಬಿಟ್ಟರು. ಅಕ್ಕ ಮಾತ್ರ ಯಮನಪ್ಪನ ದಿನಕರ್ಮ ಮುಗಿಯುವವರೆಗೆ ಹಿತ್ತಲಲ್ಲಿ ಕೂತು ಅದನ್ನೇ ನೋಡಿದಳು. ನಾನು ಹೋದಾಗ ನನ್ನನ್ನು ನೋಡಲಿಲ್ಲ. ಹೋಗು ಅನ್ನಲಿಲ್ಲ, ಬಾ ಅನ್ನಲಿಲ್ಲ.

ಮಳೆಗಾಲ ಮುಗಿದ ಮೇಲೆ ಬೇವಿನ ಕಟ್ಟೆಯಲ್ಲಿ ಮತ್ತೆ ಸಭೆ ಕರೆದರು. ಅಳತೆ ಸಾಹೇಬರು ಬಂದಿದ್ದರು, ಹಾಳೆ ತಂದಿರಲಿಲ್ಲ. ಶಾಂತವೀರಪ್ಪ ಅಂಗಡಿ ಎದ್ದು ನಿಂತರು. ಆರು ತಿಂಗಳಲ್ಲಿ ಕುಗ್ಗಿದ್ದರು ಮನುಷ್ಯ. "ಫಕೀರಪ್ಪಾ, ಮುಂದ ಬಾರಪಾ" ಅಂದರು. ಅವರು ನನ್ನ ಹೆಸರು ಪೂರ್ತಿ ಕರೆದದ್ದು ಅದೇ ಮೊದಲು. "ಅವತ್ತ ಮಂದೀ ಮುಂದ ನಿನಗ ಅನ್ನಬಾರದ್ದ ಅಂದೆ. ತಪ್ಪಾತು. ಮಂದೀ ಮುಂದನ ಹೇಳತೇನಿ. ನೀ ಹೇಳಿದ್ದ ಖರೆ ಇತ್ತು. ಇನ್ನ ಮ್ಯಾಲ ನೀ ಹೆಂಗ ಹೇಳ್ತಿ ಹಂಗ. ನೀರ ಸುರದು ಹೋಳ ಮಾಡು. ಎಷ್ಟ ಹೋಳ, ಎಲ್ಲಿಂದ ಎಲ್ಲಿತನಕ, ಈಗ ಹೇಳು. ಬರಕೋತೇವಿ." ಸಾಹೇಬರು ಜೇಬಿನಿಂದ ಪೆನ್ನು ತೆಗೆದರು. ನಕ್ಕಿದ್ದ ಅಷ್ಟೂ ಮುಖಗಳು ನನ್ನ ಕಡೆ ತಿರುಗಿದವು. ಈ ದಿನ ಬಂದರೆ ಏನೇನು ಹೇಳಬೇಕು ಅಂತ ಎಷ್ಟೋ ಸಲ ಒಬ್ಬನೇ ಕೂತು ಬಾಯಿಪಾಠ ಮಾಡಿದ್ದೆ. ಒಬ್ಬೊಬ್ಬರ ಹೆಸರು ಹಿಡಿದು ಉಗಿಯುವವನಿದ್ದೆ. ಬಾಯಿ ತೆರೆದೆ.

ಆಗ ಹೆಂಗಸರ ನಡುವಿನಿಂದ ಅಕ್ಕ ಎದ್ದಳು. ಕೈಯಲ್ಲಿ ಬಳೆ ಇರಲಿಲ್ಲ. ಸಿಟ್ಟೂ ಇರಲಿಲ್ಲ, ದಾರಿ ಕೇಳುವವರ ಹಾಗೆ ಕೇಳಿದಳು. "ತಮ್ಮಾ, ಒಂದ ಮಾತ ಕೇಳತೇನಿ. ಗೆರಿ ಮ್ಯಾಲ ತಗೋ ಅಂತ ನಾ ಕೇಳಿದೆ. ನನಗ ಗೊತ್ತಿರಲಿಲ್ಲ, ಕೇಳಿದೆ. ನೀ ಇಲ್ಲೇ ಈ ಕಟ್ಟೀ ಮ್ಯಾಲ ನಿಂತ, ಮಣ್ಣ ನೀರಿನ ದಾರೀಲೆ ಬರತೈತಿ ಅಂತ ಒದರಿದ್ದಿ. ನಿನಗ ಗೊತ್ತಿತ್ತು. ನೀ ಯಾಕ ಒಲ್ಲೆ ಅನಲಿಲ್ಲ?"

ಮಂದಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಗುಡ್ಡದ ಕಡೆ ತಿರುಗಿ ಆ ಸೊಟ್ಟ ಅಂಚನ್ನು ನೋಡತೊಡಗಿದರು. ಸಾಹೇಬರ ಪೆನ್ನು ಕೈಯಲ್ಲೇ ನಿಂತಿತ್ತು. ಅಕ್ಕ ಕಾಯುತ್ತಿದ್ದಳು. ನನ್ನ ಹತ್ತಿರ ಉತ್ತರ ಇತ್ತು. ಮೂರನೇ ರೊಟ್ಟಿ, ತಟ್ಟೆಗೆ ಬಿದ್ದಾಗ ಆವಿ ಬರುತ್ತಿತ್ತು. ಇನ್ನೊಂದ ತಿನ್ನೋ ಅಂದಿದ್ದಳು.

ತೂತಿನ ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟೆ. ಇಳಿದು, ಮಂದಿಯ ನಡುವೆ, ಅಕ್ಕನ ಪಕ್ಕದಲ್ಲೇ ಹಾಯ್ದು, ಹಳ್ಳದ ಕಡೆ ನಡೆದೆ. ಹಿಂದೆ ಯಾರೂ ನಗಲಿಲ್ಲ.